ಎಲ್‌ಎಚ್‌ಎಸ್ 1140: ಪುಟ್ಟ ಕೆಂಪು ನಕ್ಷತ್ರ, ಅದರ ಸೂಪರ್ ಅರ್ತ್ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಹೊರಗ್ರಹಗಳ, ಅಂದರೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಸಾವಿರಾರು ಗ್ರಹಗಳಿಗೆ ಸೇರಿಸಿ ಒಂದೇ ಉತ್ತರ ಕೊಡಲು ಹೋದರೆ ಯಾವುದೂ ನೆಟ್ಟಗಾಗುವುದಿಲ್ಲ. ಹಾಗಾಗಿ ಇಲ್ಲಿ ಎಲ್‌ಎಚ್‌ಎಸ್ 1140 ಎಂಬ ಒಂದೇ ನಕ್ಷತ್ರವನ್ನು, ಅದನ್ನು ಸುತ್ತುವ ಬಿ, ಸಿ ಎಂಬ ಎರಡು ಗ್ರಹಗಳನ್ನು ಹಿಡಿದು ಉತ್ತರಿಸಿದ್ದೇವೆ. ಬೇರೆ ವರ್ಷದ ಹೆಸರು ಹೇಳದ ಕಡೆ ಇರುವ ಅಂಕಿಗಳು 2024ರಲ್ಲಿ ಪ್ರಕಟವಾದ ಅಳತೆಗಳಿಂದ ಬಂದವು.

## ಮೊದಲು ತಿಳಿಯಬೇಕಾದವು

ಸೂಪರ್ ಅರ್ತ್ ಅಂದ್ರೆ ಭೂಮಿಗಿಂತ ಒಳ್ಳೇ ಗ್ರಹ ಅಂತಾನಾ?

ಅಲ್ಲ. "ಊಟ ಸೂಪರ್" ಅನ್ನುವಾಗಿನ ಸೂಪರ್ ಇದಲ್ಲ. ಇದು ಬರೀ ಗಾತ್ರದ ಹೆಸರು: ಭೂಮಿಗಿಂತ ದೊಡ್ಡದು, ನೆಪ್ಚೂನ್‌ಗಿಂತ ಸಾಕಷ್ಟು ಚಿಕ್ಕದು. ದ್ರವ್ಯರಾಶಿಯ ಲೆಕ್ಕದವರು ಭೂಮಿಯ ಹತ್ತು ಪಟ್ಟಿನವರೆಗೆ ಒಪ್ಪುತ್ತಾರೆ, ತ್ರಿಜ್ಯದ ಲೆಕ್ಕದವರು ಸುಮಾರು ಎರಡು ಪಟ್ಟಿಗೆ ನಿಲ್ಲಿಸುತ್ತಾರೆ. ಇದು ಸಂಶೋಧಕರ ರೂಢಿ, ಯಾರೂ ಅಧಿಕೃತವಾಗಿ ಎಳೆದ ಗೆರೆಯಲ್ಲ. ಅಲ್ಲಿ ನೀರಿದೆಯೇ, ಗಾಳಿಯಿದೆಯೇ, ಕಾಲಿಡಲು ನೆಲವಿದೆಯೇ ಎಂಬುದನ್ನು ಈ ಹೆಸರು ಹೇಳುವುದೇ ಇಲ್ಲ.

ನಮ್ಮ ಸೌರಮಂಡಲದಲ್ಲಿ ಈ ಗಾತ್ರದ ಗ್ರಹ ಒಂದೂ ಇಲ್ಲ. ಭೂಮಿ ಆದ ಮೇಲೆ ಮುಂದಿನ ಮೆಟ್ಟಿಲು ನೇರ ಯುರೇನಸ್, ನೆಪ್ಚೂನ್. ಆದರೆ ಕೆಪ್ಲರ್ ದೂರದರ್ಶಕ ಹುಡುಕಿದ ಗ್ರಹಗಳಲ್ಲಿ ಬಹುಪಾಲು ಈ ನಡುವಿನ ಗಾತ್ರದವೇ. ಅದರಲ್ಲೂ ಒಂದು ವಿಚಿತ್ರ ಉಂಟು. ಭೂಮಿಯ ಒಂದೂವರೆಯಿಂದ ಎರಡು ಪಟ್ಟು ತ್ರಿಜ್ಯದ ನಡುವೆ ಗ್ರಹಗಳು ವಿರಳ ಎಂದು 2017ರಲ್ಲಿ ಸ್ಪಷ್ಟವಾಯಿತು. ಆ ಕಣಿವೆಯ ಕೆಳಗಿರುವವು ಹೆಚ್ಚಾಗಿ ಬಂಡೆಯ ಗ್ರಹಗಳು, ಮೇಲಿರುವವು ದಪ್ಪ ಹೊದಿಕೆಯ ಗ್ರಹಗಳು. ನಮ್ಮ ಎಲ್‌ಎಚ್‌ಎಸ್ 1140 ಬಿ ಗ್ರಹದ ತ್ರಿಜ್ಯ ಭೂಮಿಯ 1.73 ಪಟ್ಟು. ಸರಿಯಾಗಿ ಕಣಿವೆಯ ನಡುವೆ ಕೂತಿದೆ. ಅದರ ಮೇಲಿನ ಕುತೂಹಲಕ್ಕೆ ಅರ್ಧ ಕಾರಣ ಇದೇ.

ಇದೆಂಥಾ ಹೆಸರು? ಬಿ ಇದೆ, ಸಿ ಇದೆ, ಎ ಎಲ್ಲಿ ಹೋಯ್ತು?

ಎಲ್‌ಎಚ್‌ಎಸ್ ಎಂದರೆ ಲುಯ್ಟೆನ್ ಹಾಫ್ ಸೆಕೆಂಡ್. ಆಕಾಶದಲ್ಲಿ ವರ್ಷಕ್ಕೆ ಅರ್ಧ ಆರ್ಕ್‌ಸೆಕೆಂಡ್‌ಗಿಂತ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ಹೆಚ್ಚು ಸರಿಯುವ ನಕ್ಷತ್ರಗಳನ್ನು ವಿಲ್ಲೆಮ್ ಲುಯ್ಟೆನ್ ಪಟ್ಟಿ ಮಾಡಿದರು. ಅದರಲ್ಲಿ 1140ನೆಯದು ಇದು. ಇದೇ ನಕ್ಷತ್ರಕ್ಕೆ ಜಿಜೆ 3053, ಟಿಒಐ-256 ಎಂಬ ಹೆಸರುಗಳೂ ಇವೆ, ಬೇರೆ ಬೇರೆ ಪಟ್ಟಿಗಳಲ್ಲಿ ಕಂಡರೆ ಗಾಬರಿಯಾಗಬೇಡಿ. 'ಎ' ಅಕ್ಷರ ನಕ್ಷತ್ರಕ್ಕೆ ಮೀಸಲು. ಗ್ರಹಗಳಿಗೆ 'ಬಿ'ಯಿಂದ, ಸಿಕ್ಕಿದ ಕ್ರಮದಲ್ಲಿ ಹೆಸರು. ಆದ್ದರಿಂದಲೇ ಒಳಗಿನ ಗ್ರಹ 'ಸಿ', ಹೊರಗಿನದು 'ಬಿ'.

ಸೂರ್ಯನಂಥ ನಕ್ಷತ್ರಗಳನ್ನು ಬಿಟ್ಟು ಈ ಮಿಣುಕು ನಕ್ಷತ್ರದ ಹಿಂದೆ ಯಾಕೆ ಬಿದ್ದಿದ್ದಾರೆ?

ದೀಪ ಸಣ್ಣದಾದಷ್ಟೂ ಅದರ ಮುಂದೆ ಹಾದ ಹುಳು ಎದ್ದು ಕಾಣುತ್ತದೆ. ಎಲ್‌ಎಚ್‌ಎಸ್ 1140ರ ದ್ರವ್ಯರಾಶಿ ಸೂರ್ಯನ 0.18 ಪಾಲು, ತ್ರಿಜ್ಯ 0.216 ಪಾಲು, ಅಂದರೆ ಗುರುಗ್ರಹಕ್ಕಿಂತ ಎರಡು ಪಟ್ಟು ಅಗಲ ಅಷ್ಟೆ. ಮೇಲ್ಮೈ ತಾಪಮಾನ ಸುಮಾರು 3,100 ಕೆಲ್ವಿನ್. ಹೊರಸೂಸುವ ಒಟ್ಟು ಶಕ್ತಿ ಸೂರ್ಯನ ಸುಮಾರು 260ರಲ್ಲಿ ಒಂದು ಪಾಲು.

ಬಿ ಗ್ರಹ ಈ ನಕ್ಷತ್ರದ ಮುಂದೆ ಹಾದಾಗ ಬೆಳಕು ಶೇ. 0.54ರಷ್ಟು ಕುಗ್ಗುತ್ತದೆ. ಇದೇ ಗ್ರಹ ಸೂರ್ಯನ ಮುಂದೆ ಹಾದಿದ್ದರೆ ಶೇ. 0.025 ಮಾತ್ರ. ಮೊದಲನೆಯದನ್ನು ನೆಲದ ಮೇಲಿನ ಸಾಧಾರಣ ದೂರದರ್ಶಕ ಹಿಡಿಯುತ್ತದೆ, ಎರಡನೆಯದಕ್ಕೆ ಬಾಹ್ಯಾಕಾಶಕ್ಕೇ ಹೋಗಬೇಕು. ನಕ್ಷತ್ರ ತಣ್ಣಗಿರುವುದರಿಂದ ಹದವಾದ ಬಿಸಿಯ ಜಾಗವೂ ಅದಕ್ಕೆ ಹತ್ತಿರ. ಗ್ರಹದ ಸುತ್ತು 24.7 ದಿನಕ್ಕೇ ಮುಗಿಯುತ್ತದೆ, ವರ್ಷಕ್ಕೆ 14–15 ಸಲ ಹಾದುಹೋಗುವುದನ್ನು ನಿರೀಕ್ಷಿಸಬಹುದು. ಸೂರ್ಯ–ಭೂಮಿಯಂಥ ಜೋಡಿಗೆ ಆ ಅವಕಾಶ ವರ್ಷಕ್ಕೊಂದೇ. ಕಕ್ಷೆಯ ವಾಲುವಿಕೆ ನಮ್ಮ ದೃಷ್ಟಿಗೆ ಸರಿಹೊಂದುವ ಸಂಭವವೂ ಇಲ್ಲಿ 94ಕ್ಕೆ ಒಂದು, ಸೂರ್ಯ–ಭೂಮಿಗೆ 215ಕ್ಕೆ ಒಂದು.

ಬೆಲೆಯೂ ತೆರಬೇಕು. ನಕ್ಷತ್ರ ಮಸುಕಾದದ್ದು, ಅದರ ಬೆಳಕೆಲ್ಲ ಅವಕೆಂಪಿನ ಕಡೆ ವಾಲಿದ್ದು, ಮೇಲ್ಮೈ ಕಲೆಗಳಿಂದ ಕೂಡಿದ್ದು. ಆ ತಕರಾರುಗಳು ಮುಂದೆ ಬರುತ್ತವೆ.

ಅಲ್ಲಿ ನಿಂತರೆ ಆಕಾಶ ಹೇಗೆ ಕಾಣುತ್ತೆ? ನನ್ನ ತೂಕ ಎಷ್ಟಾಗುತ್ತೆ?

ನಿಲ್ಲಲು ಗಟ್ಟಿ ನೆಲ ಇದೆ ಎಂದು ಸದ್ಯಕ್ಕೆ ಭಾವಿಸೋಣ. ಗುರುತ್ವ ನಮ್ಮ 1.87 ಪಟ್ಟು. ಇಲ್ಲಿ 60 ಕಿಲೋ ತೋರಿಸುವ ತಕ್ಕಡಿ ಅಲ್ಲಿ 112 ತೋರಿಸುತ್ತದೆ. ನಕ್ಷತ್ರದಿಂದ ದೂರ 0.0946 ಖಗೋಳಮಾನ (ಸೂರ್ಯ–ಭೂಮಿಯ ಅಂತರ ಒಂದು ಖಗೋಳಮಾನ), ಅಂದರೆ ಸುಮಾರು 1.4 ಕೋಟಿ ಕಿಲೋಮೀಟರ್. ಹಾಗಾಗಿ ನಕ್ಷತ್ರ ಆಕಾಶದಲ್ಲಿ 1.2 ಡಿಗ್ರಿ ಅಗಲ ಕಾಣುತ್ತದೆ, ನಮ್ಮ ಸೂರ್ಯನ ಎರಡೂಕಾಲು ಪಟ್ಟಿಗೂ ತುಸು ಹೆಚ್ಚು.

ಚಿತ್ರಕಾರರು ಬಳಿಯುವ ಹಾಗೆ ಅದು ಕುಂಕುಮದ ಕೆಂಪಲ್ಲ. 3,100 ಕೆಲ್ವಿನ್ ಎಂದರೆ ಹಳೆಯ ಟಂಗ್‌ಸ್ಟನ್ ಬಲ್ಬಿನ ತಂತಿಗಿಂತ ಸ್ವಲ್ಪ ಹೆಚ್ಚು ಬಿಸಿ, ಕಣ್ಣಿಗೆ ಹಳದಿಗೆಂಪು ಬೆಳಕು. ಒಳಗಿನ ಗ್ರಹ ಸಿ ನಕ್ಷತ್ರದಿಂದ ಹೆಚ್ಚೆಂದರೆ 16–17 ಡಿಗ್ರಿ ದೂರ ಸರಿಯುತ್ತದೆ. ಆಗ ಅದರ ಅಗಲ ನಾಲ್ಕು ಆರ್ಕ್‌ಮಿನಿಟ್, ನಮ್ಮ ಚಂದ್ರನ ಏಳೆಂಟರಲ್ಲಿ ಒಂದು ಪಾಲು. ಆಕಾಶ ತಿಳಿಯಾಗಿದ್ದರೆ ಕಣ್ಣು ಚುರುಕಿರುವವರಿಗೆ ಪುಟಾಣಿ ಅರ್ಧಚಂದ್ರನಂತೆ ಬರಿಗಣ್ಣಿಗೇ ಕಂಡೀತು.

ಅಲ್ಲಿಗೆ ಹೋಗೋಕೆ ಎಷ್ಟು ವರ್ಷ ಬೇಕು?

ದೂರ ಸುಮಾರು 49 ಜ್ಯೋತಿರ್ವರ್ಷ. ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವೊಯೇಜರ್ 1ರ ವೇಗದಲ್ಲಿ 8.6 ಲಕ್ಷ ವರ್ಷ. ರೇಡಿಯೋದಲ್ಲಿ "ಹಲೋ" ಅಂದರೂ ಉತ್ತರ ಬರಲು 98 ವರ್ಷ ಕಾಯಬೇಕು.

## ಅಳೆದದ್ದು ಹೇಗೆ

ಗ್ರಹದ ಒಂದು ಫೋಟೋನೂ ಇಲ್ಲ, ಆದ್ರೂ ಇದೆ ಅಂತ ಹೇಗೆ ಹೇಳ್ತೀರಿ?

2012ರ ಜೂನ್ 6ರ ಬೆಳಗ್ಗೆ ಶುಕ್ರ ಸಂಕ್ರಮ ನೋಡಿದವರಿಗೆ ಇದು ಸುಲಭ. ಸೂರ್ಯನ ತಟ್ಟೆಯ ಮೇಲೆ ಕಪ್ಪು ಚುಕ್ಕೆ ಹಾದುಹೋಯಿತಲ್ಲ, ಅದೇ ಸಂಕ್ರಮ ಇಲ್ಲೂ. ವ್ಯತ್ಯಾಸ ಇಷ್ಟೆ: ನಕ್ಷತ್ರ ಇಲ್ಲಿಂದ ತಟ್ಟೆಯಾಗಿ ಕಾಣುವುದಿಲ್ಲ, ಬಿಂದುವಾಗಿ ಕಾಣುತ್ತದೆ. ಹಾಗಾಗಿ ಚುಕ್ಕೆಯ ಬದಲು ಒಟ್ಟು ಬೆಳಕಿನ ಇಳಿತ ಅಳೆಯುತ್ತಾರೆ.

ಚಿಲಿಯ ಸೆರೊ ಟೊಲೊಲೊದಲ್ಲಿರುವ ಎಂಅರ್ತ್-ಸೌತ್ ಎಂಬ ವ್ಯವಸ್ಥೆಯಲ್ಲಿ 40 ಸೆಂಟಿಮೀಟರ್‌ನ ಎಂಟು ದೂರದರ್ಶಕಗಳಿವೆ. ಅವು ಹತ್ತಿರದ ಕೆಂಪು ಕುಬ್ಜಗಳನ್ನು, ಅಂದರೆ ಇಂಥ ಸಣ್ಣ ತಣ್ಣನೆಯ ನಕ್ಷತ್ರಗಳನ್ನು, ಒಂದಾದ ಮೇಲೊಂದು ನೋಡುತ್ತ, ಯಾವುದಾದರೂ ಮಂಕಾದದ್ದು ಕಂಡ ಕೂಡಲೇ ತಾವೇ ಅದಕ್ಕೆ ಅಂಟಿಕೊಂಡು ಸತತವಾಗಿ ಚಿತ್ರ ತೆಗೆಯುತ್ತವೆ. 2014ರ ಸೆಪ್ಟೆಂಬರ್‌ನಲ್ಲಿ ಎಲ್‌ಎಚ್‌ಎಸ್ 1140 ಹೀಗೆ ಸಿಕ್ಕಿಬಿತ್ತು. ಒಂದು ಇಳಿತದಿಂದ ಗ್ರಹ ಅಂತ ಸಾರಲಾಗದು. ಮೋಡದ ತೆರೆಯೋ ಕ್ಯಾಮೆರಾದ ತೊಂದರೆಯೋ ಆಗಿರಬಹುದು. ಅವಧಿ ಸಿಕ್ಕಿ, ಮುಂದಿನ ಸಂಕ್ರಮವನ್ನು ಮೊದಲೇ ಹೇಳಿ, ಹೇಳಿದ ಹೊತ್ತಿಗೆ ಅದು ಬಂದು, ದ್ರವ್ಯರಾಶಿಯೂ ಹೊಂದಿಕೊಂಡ ಮೇಲೆ 2017ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು.

ತೂಕ ಹಾಕಿದ್ದು ಯಾವ ತಕ್ಕಡೀಲಿ?

ನಕ್ಷತ್ರದ ತೊನೆದಾಟದಲ್ಲಿ. ಗ್ರಹ ಸುತ್ತುವಾಗ ನಕ್ಷತ್ರವನ್ನೂ ಸ್ವಲ್ಪ ಎಳೆದಾಡುತ್ತದೆ. ನಕ್ಷತ್ರ ನಮ್ಮ ಕಡೆ ಬಂದಾಗ ವರ್ಣಪಟಲದ ಗೆರೆಗಳು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳು) ನೀಲಿಯ ಕಡೆ, ದೂರ ಸರಿದಾಗ ಕೆಂಪಿನ ಕಡೆ ಜರುಗುತ್ತವೆ. ಬಿ ಗ್ರಹ ಹುಟ್ಟಿಸುವ ವೇಗ ಸೆಕೆಂಡಿಗೆ 3.8 ಮೀಟರ್, ಅಂದರೆ ಓಡುವವರ ವೇಗ. ಭೂಮಿ ಸೂರ್ಯನಲ್ಲಿ ಹುಟ್ಟಿಸುವುದು ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ, ಇರುವೆ ನಡಿಗೆಗೆ ಹತ್ತಿರ.

ಚಿಲಿಯ ಲಾ ಸಿಲ್ಲಾದಲ್ಲಿರುವ ಹಾರ್ಪ್ಸ್ ಉಪಕರಣದಿಂದ 144 ಅಳತೆ ತೆಗೆದು ಮೊದಲ ಉತ್ತರ ಕೊಟ್ಟರು: ಭೂಮಿಯ 6.65 ಪಟ್ಟು, ಹೆಚ್ಚುಕಡಿಮೆ 1.8. ನಂತರ ಎಸ್ಪ್ರೆಸೊ ಉಪಕರಣದ ಅಳತೆಗಳು ಸೇರಿದವು. 2024ರಲ್ಲಿ ಅವನ್ನೇ ಒಂದೊಂದು ಗೆರೆ ಬಿಡಿಬಿಡಿಯಾಗಿ ಅಳೆಯುವ ಹೊಸ ಕ್ರಮದಲ್ಲಿ ಮತ್ತೆ ಲೆಕ್ಕ ಹಾಕಿದಾಗ 5.60 ಬಂತು, ಅನಿಶ್ಚಿತತೆ 0.19 ಮಾತ್ರ. ಕೆಂಪು ಕುಬ್ಜದ ವರ್ಣಪಟಲದಲ್ಲಿ ಗೆರೆಗಳು ಒಂದರ ಮೇಲೊಂದು ಕವಿದಿರುತ್ತವೆ. ಅವನ್ನೆಲ್ಲ ಒಟ್ಟಿಗೆ ಸರಾಸರಿ ಮಾಡಿದರೆ ಕೆಟ್ಟ ಗೆರೆಗಳು ಒಳ್ಳೆಯವನ್ನೂ ಕೆಡಿಸುತ್ತವೆ.

2017ರಲ್ಲಿ 1.4 ಪಟ್ಟು ಅಂದಿದ್ರು, ಈಗ 1.7 ಅಂತಾರೆ. ಗ್ರಹ ಉಬ್ಬಿತಾ, ಇವರು ತಪ್ಪಿದ್ರಾ?

ಇಡೀ ಪುಟದಲ್ಲಿ ನೀವು ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸಂಕ್ರಮ ಗ್ರಹದ ಗಾತ್ರವನ್ನು ಕೊಡುವುದಿಲ್ಲ. ಗ್ರಹ ನಕ್ಷತ್ರದ ಎಷ್ಟು ಪಾಲು ಎಂಬುದನ್ನಷ್ಟೇ ಕೊಡುತ್ತದೆ. ಇಳಿತ ಶೇ. 0.54 ಎಂದರೆ ಅದರ ವರ್ಗಮೂಲ 0.0735, ಅಂದರೆ ಗ್ರಹದ ತ್ರಿಜ್ಯ ನಕ್ಷತ್ರದ ತ್ರಿಜ್ಯದ ಶೇ. 7.35. ಕಿಲೋಮೀಟರ್‌ನಲ್ಲಿ ಹೇಳಬೇಕಾದರೆ ನಕ್ಷತ್ರದ ಅಳತೆ ಗೊತ್ತಿರಬೇಕು. ನಕ್ಷತ್ರದ ಅಳತೆ ಅದರ ನಿಜವಾದ ಪ್ರಕಾಶದಿಂದ, ಪ್ರಕಾಶ ಅದರ ದೂರದಿಂದ ಬರುತ್ತದೆ. ಸರಪಳಿಯ ತುದಿಯಲ್ಲಿ ಇರುವುದು ದೂರ.

2017ರಲ್ಲಿ ಬಳಸಿದ ದೂರ ಸುಮಾರು 41 ಜ್ಯೋತಿರ್ವರ್ಷ. 2018ರ ಏಪ್ರಿಲ್‌ನಲ್ಲಿ ನಕ್ಷತ್ರಗಳ ದೂರ ಅಳೆಯುವ ಗಾಯಾ ಉಪಗ್ರಹದ ಎರಡನೇ ದತ್ತಾಂಶ ಬಂದಾಗ ಅದು 49 ಎಂದು ತಿಳಿಯಿತು. ಅಷ್ಟು ದೂರದಲ್ಲಿದ್ದೂ ಅಷ್ಟೇ ಬೆಳಕು ಕಾಣುತ್ತಿದೆ ಎಂದರೆ ನಕ್ಷತ್ರ ಅಂದುಕೊಂಡದ್ದಕ್ಕಿಂತ ಶೇ. 45ರಷ್ಟು ಹೆಚ್ಚು ಪ್ರಕಾಶದ್ದು. ಅದರ ತ್ರಿಜ್ಯ ಸೂರ್ಯನ 0.186ರಿಂದ 0.214ಕ್ಕೆ ಏರಿತು, ಗ್ರಹವೂ ಜೊತೆಗೇ ದೊಡ್ಡದಾಯಿತು. ಸಾಂದ್ರತೆಯ ಗತಿ ನೋಡಿ: 2017ರಲ್ಲಿ ಘನ ಸೆಂಟಿಮೀಟರ್‌ಗೆ 12.5 ಗ್ರಾಂ, ಅಂದರೆ ಸೀಸಕ್ಕಿಂತ ಭಾರ. ಆಗ "ಅರ್ಧಕ್ಕರ್ಧ ಕಬ್ಬಿಣದ ಗ್ರಹ" ಎಂಬ ಮಾತು ಕೇಳಿಬಂದಿತ್ತು. 2019ರಲ್ಲಿ ಏಳೂವರೆಯ ಹತ್ತಿರ. 2024ರಲ್ಲಿ 5.9. ಏಳು ವರ್ಷದಲ್ಲಿ ಕಬ್ಬಿಣದ ಗುಂಡು ನೀರಿನ ಲೋಕವಾಗುವ ಹಂತಕ್ಕೆ ಬಂತು, ಗ್ರಹ ಮಾತ್ರ ಇದ್ದ ಹಾಗೇ ಇದೆ.

2017ರ ಪ್ರಬಂಧದಲ್ಲಿ ದೋಷದ ಮಿತಿಯನ್ನೂ ಮುಚ್ಚುಮರೆಯಿಲ್ಲದೆ ಕೊಟ್ಟಿದ್ದರು: 12.5ಕ್ಕೆ ಹೆಚ್ಚುಕಡಿಮೆ 3.4. ಸುದ್ದಿಯಾಗುವಾಗ ಆ "ಹೆಚ್ಚುಕಡಿಮೆ" ದಾರಿಯಲ್ಲೇ ಉದುರಿತು. ಯಾವ ಹೊರಗ್ರಹದ ಗಾತ್ರ ಓದಿದರೂ ಪಕ್ಕದಲ್ಲಿ ನಕ್ಷತ್ರದ ತ್ರಿಜ್ಯ ಎಷ್ಟೆಂದು ಇಟ್ಟುಕೊಂಡಿದ್ದಾರೆ ಎಂಬುದನ್ನೂ ನೋಡಿ.

ಹಾಗಾದ್ರೆ ಅದು ಬಂಡೆಯಾ, ನೀರಾ, ಅನಿಲವಾ?

5.9 ಎಂದರೆ ಭೂಮಿಯ 5.5ಕ್ಕೆ ಹತ್ತಿರವೇ ಅಲ್ಲವೇ, ಹಾಗಾದರೆ ಅದೂ ಭೂಮಿಯಂಥದ್ದೇ ಎಂದು ಅನಿಸುತ್ತದೆ. ಇಲ್ಲೇ ಎಡವುವುದು. ಗ್ರಹ ಭಾರವಾದಷ್ಟೂ ಒಳಗಿನ ಬಂಡೆ, ಕಬ್ಬಿಣ ಹೆಚ್ಚು ಅದುಮಿಕೊಳ್ಳುತ್ತವೆ. ಭೂಮಿಯದೇ ಮಿಶ್ರಣದಲ್ಲಿ 5.6 ಪಟ್ಟು ಭಾರದ ಗ್ರಹ ಮಾಡಿದರೆ ತ್ರಿಜ್ಯ ಸುಮಾರು 1.6 ಪಟ್ಟಿಗೆ ನಿಲ್ಲಬೇಕು, ಸಾಂದ್ರತೆ ಏಳೂವರೆಯ ಆಸುಪಾಸು ಬರಬೇಕು. ಬಿ ಅದಕ್ಕಿಂತ ಹಗುರ.

ಹಗುರವಾಗಲು ಮೂರು ದಾರಿ. ಮೇಲೆ ಹೈಡ್ರೋಜನ್–ಹೀಲಿಯಮ್‌ನ ತೆಳುವಾದ ಹೊದಿಕೆ ಇರಬಹುದು, ಒಟ್ಟು ತೂಕದ ಶೇ. 0.1 ಇದ್ದರೂ ಸಾಕು. ಕಬ್ಬಿಣ ಬಹಳ ಕಡಿಮೆಯಿರುವ ಬಂಡೆಯಾಗಿರಬಹುದು, ಆದರೆ ನಕ್ಷತ್ರಗಳಲ್ಲಿ ಕಾಣುವ ಧಾತುಗಳ ಪ್ರಮಾಣಕ್ಕೆ ಅದು ಒಗ್ಗುವುದು ಕಷ್ಟ. ಇಲ್ಲವೇ ತೂಕದ ಶೇ. 9ರಿಂದ 19ರಷ್ಟು ನೀರಿರಬಹುದು. ಭೂಮಿಯ ಸಾಗರಗಳೆಲ್ಲ ಸೇರಿದರೂ ಭೂಮಿಯ ತೂಕದ ಶೇ. 0.02 ಮಾತ್ರ ಎಂಬುದನ್ನು ನೆನೆದರೆ ಇದೆಷ್ಟು ನೀರು ಎಂದು ಗೊತ್ತಾಗುತ್ತದೆ. ಅಂಥಲ್ಲಿ ಸಾಗರದ ತಳ ಮಣ್ಣಲ್ಲ, ಒತ್ತಡಕ್ಕೆ ಗಟ್ಟಿಯಾದ ಬಿಸಿ ಹಿಮ. ಮೂರರಲ್ಲಿ ಮೊದಲ ದಾರಿಯನ್ನು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಬಹುಮಟ್ಟಿಗೆ ಮುಚ್ಚಿದೆ.

ಸಿ ಗ್ರಹದ ಬಗ್ಗೆ ಯಾರೂ ಮಾತಾಡಲ್ಲ ಯಾಕೆ?

ಅಲ್ಲಿ ಬಿಸಿ ಜಾಸ್ತಿ, ಅದಕ್ಕೆ. 3.78 ದಿನಕ್ಕೊಂದು ಸುತ್ತು, ತ್ರಿಜ್ಯ 1.27 ಪಟ್ಟು, ದ್ರವ್ಯರಾಶಿ 1.91 ಪಟ್ಟು. ಬೀಳುವ ಶಕ್ತಿ ಭೂಮಿಗೆ ಬೀಳುವುದರ ಐದು ಪಟ್ಟಿಗೂ ಹೆಚ್ಚು. ಅದು ನಕ್ಷತ್ರದ ಹಿಂದೆ ಮರೆಯಾಗುವುದನ್ನು ವೆಬ್ 15 ಮೈಕ್ರಾನ್ ತರಂಗದಲ್ಲಿ ಅಳೆದಾಗ, ಹಗಲಿನ ಬದಿಯ ಶಾಖ ಗಾಳಿಯಿಲ್ಲದ ಬರೀ ಬಂಡೆಗೆ ಹೊಂದಿಕೊಂಡಿತು. ನಮ್ಮ ಮಟ್ಟಿಗೆ ಸಿ ಉಪಯುಕ್ತ ಗ್ರಹ: ಒಂದೇ ನಕ್ಷತ್ರ, ಒಂದೇ ವಯಸ್ಸು, ದೂರ ಮಾತ್ರ ಬೇರೆ. ಬಿ ಗ್ರಹದಲ್ಲಿ ಗಾಳಿ ಸಿಕ್ಕರೆ, ಗಾಳಿ ಉಳಿಯುವ ಗಡಿ ಈ ಎರಡರ ನಡುವೆ ಎಲ್ಲೋ ಇದೆ ಎಂದಾಗುತ್ತದೆ.

## ಗಾಳಿ, ನೀರು, ಹವೆ

ವಾಸಯೋಗ್ಯ ವಲಯ ಅಂತೀರಿ, ಇನ್ನೊಂದು ಕಡೆ ಮೈನಸ್ 47 ಡಿಗ್ರಿ ಅಂತೀರಿ. ಯಾವುದು ಸರಿ?

ಎರಡೂ. ಬಿ ಗ್ರಹಕ್ಕೆ ಬೀಳುವ ಶಕ್ತಿ ಭೂಮಿಗೆ ಬೀಳುವುದರ ಶೇ. 43. ಗಾಳಿಯೇ ಇಲ್ಲ, ಬಿದ್ದ ಬೆಳಕಿನಲ್ಲಿ ಒಂದಿಷ್ಟೂ ಪ್ರತಿಫಲಿಸುವುದಿಲ್ಲ ಎಂದು ಭಾವಿಸಿದರೆ 226 ಕೆಲ್ವಿನ್, ಅಂದರೆ ಮೈನಸ್ 47 ಡಿಗ್ರಿ ಸೆಲ್ಸಿಯಸ್. ಇದು ಲೆಕ್ಕದ ತಾಪಮಾನ, ಥರ್ಮಾಮೀಟರ್ ತೋರಿಸುವುದಲ್ಲ. ಭೂಮಿಯನ್ನೂ ಅದರ ಪ್ರತಿಫಲನ ಸೇರಿಸಿ ಹೀಗೇ ಲೆಕ್ಕ ಹಾಕಿದರೆ ಮೈನಸ್ 18 ಬರುತ್ತದೆ. ನಿಜದ ಸರಾಸರಿ ಪ್ಲಸ್ 15. ನಡುವಿನ 33 ಡಿಗ್ರಿ ಹಸಿರುಮನೆ ಅನಿಲಗಳ ಕೊಡುಗೆ.

ವಾಸಯೋಗ್ಯ ವಲಯ ಎಂದರೆ ಸರಿಯಾದ ಗಾಳಿ ಇದ್ದಲ್ಲಿ ನೀರು ದ್ರವವಾಗಿ ನಿಲ್ಲಬಹುದಾದ ದೂರ. "ಇದ್ದಲ್ಲಿ" ಎಂಬ ಪದವನ್ನು ಬಿಟ್ಟು ಓದಬಾರದು. ಬಿ ಗ್ರಹಕ್ಕೆ ಇಂಗಾಲದ ಡೈಆಕ್ಸೈಡ್ ಹೇರಳವಾಗಿರುವ ಗಾಳಿ ಬೇಕಾಗುತ್ತದೆ. ಒಂದು ಅನುಕೂಲವೂ ಇದೆ: ಹಿಮ ನಮ್ಮ ಸೂರ್ಯನ ಬೆಳಕನ್ನು ಪ್ರತಿಫಲಿಸುವಷ್ಟು ಅವಕೆಂಪನ್ನು ಪ್ರತಿಫಲಿಸುವುದಿಲ್ಲ, ಹೀರುತ್ತದೆ. ಹಾಗಾಗಿ ಕೆಂಪು ಕುಬ್ಜದ ಸುತ್ತ ಗ್ರಹವೊಂದು ಪೂರಾ ಹೆಪ್ಪುಗಟ್ಟುವುದು ಅಷ್ಟು ಸುಲಭವಲ್ಲ.

ಒಂದು ಮುಖಕ್ಕೆ ಸದಾ ಹಗಲು, ಇನ್ನೊಂದಕ್ಕೆ ಸದಾ ರಾತ್ರಿ ಆದ್ರೆ ಗಾಳಿಯೆಲ್ಲ ಆ ಕಡೆ ಹೆಪ್ಪುಗಟ್ಟಲ್ವಾ?

ಗಾಳಿ ತೀರಾ ತೆಳುವಾಗಿದ್ದರೆ ಹಾಗಾಗಬಹುದು. ಹಗಲಿನ ಶಾಖ ರಾತ್ರಿಯ ಬದಿಗೆ ತಲುಪದೆ, ಅಲ್ಲಿ ಇಂಗಾಲದ ಡೈಆಕ್ಸೈಡ್ ಹಿಮವಾಗಿ ಬಿದ್ದು, ಗಾಳಿ ಇನ್ನಷ್ಟು ತೆಳುವಾಗುತ್ತದೆ. ಭೂಮಿಯಷ್ಟು ಒತ್ತಡದ ಗಾಳಿ ಇದ್ದರೆ ಬೀಸುಗಾಳಿಗಳೇ ಶಾಖ ಸಾಗಿಸಿಬಿಡುತ್ತವೆ. ಇಷ್ಟು ಹತ್ತಿರದ ಕಕ್ಷೆಯಲ್ಲಿ ನಕ್ಷತ್ರದ ಸೆಳೆತ ಗ್ರಹದ ತಿರುಗುವಿಕೆಯನ್ನು ಚಂದ್ರನಂತೆ ಕಟ್ಟಿಹಾಕಿರುತ್ತದೆ ಎಂಬುದು ನಿರೀಕ್ಷೆ, ನೇರ ಅಳತೆ ಅಲ್ಲ.

ಮಾಂಟ್ರಿಯಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಕಾಡಿಯೂ ಮತ್ತು ಜೊತೆಗಾರರು ನೀರಿನ ಲೋಕದ ಹವಾಮಾನವನ್ನು ಕಂಪ್ಯೂಟರ್‌ನಲ್ಲಿ ಓಡಿಸಿದಾಗ ಒಂದು ಚಿತ್ರ ಬಂತು: ಇಡೀ ಗ್ರಹ ಹಿಮ, ನಕ್ಷತ್ರ ನೆತ್ತಿಯ ಮೇಲಿರುವ ಜಾಗದಲ್ಲಿ ಮಾತ್ರ ಸುಮಾರು 4,000 ಕಿಲೋಮೀಟರ್ ಅಗಲದ ತೆರೆದ ಸಾಗರ, ನಡುವೆ 20 ಡಿಗ್ರಿಯವರೆಗೂ ಬೆಚ್ಚಗಿರಬಹುದು. ಕಣ್ಣುಗುಡ್ಡೆಯಂತೆ. ಚಿತ್ರ ಸೊಗಸಾಗಿದೆ, ಆದರೆ ಅದು ಗಾಳಿಯ ಬಗ್ಗೆ ಮಾಡಿಕೊಂಡ ಊಹೆಗಳ ಮೇಲೆ ನಿಂತಿದೆ.

ಜೇಮ್ಸ್ ವೆಬ್ ನೋಡಿದ ಮೇಲೂ "ಇರಬಹುದು, ಇರಬಹುದು" ಅಂತಾನೇ ಹೇಳ್ತೀರಲ್ಲ?

ಅಳೆಯಬೇಕಾದದ್ದು ಎಷ್ಟು ಸಣ್ಣದೆಂದು ನೋಡಿ. ಸಂಕ್ರಮದ ವೇಳೆ ನಕ್ಷತ್ರದ ಬೆಳಕಿನ ಒಂದು ಎಳೆ ಗ್ರಹದ ಅಂಚಿನ ಗಾಳಿಯನ್ನು ತೂರಿ ಬರುತ್ತದೆ. ಆ ಗಾಳಿಯ ಉಂಗುರ ಎಷ್ಟು ದಪ್ಪ ಎಂಬುದು ಗಾಳಿಯ ಹಗುರತನದ ಮೇಲೆ ನಿಂತಿದೆ. 226 ಕೆಲ್ವಿನ್, 1.87 ಪಟ್ಟು ಗುರುತ್ವಕ್ಕೆ ಲೆಕ್ಕ ಹಾಕಿದರೆ, ಹೈಡ್ರೋಜನ್ ಗಾಳಿಯ ಒತ್ತಡ ಪ್ರತಿ 45 ಕಿಲೋಮೀಟರ್‌ಗೆ ಮೂರನೇ ಒಂದಂಶದ ಆಸುಪಾಸಿಗೆ ಇಳಿಯುತ್ತದೆ. ಸಾರಜನಕದ ಗಾಳಿಯಾದರೆ ಮೂರೂವರೆ ಕಿಲೋಮೀಟರ್ ಚಿಲ್ಲರೆಗೇ ಅಷ್ಟು ಇಳಿಯುತ್ತದೆ. ಅಂಥ ಐದು ಪದರಗಳು ಬೆಳಕಿಗೆ ಅಡ್ಡ ಬಂದರೆ ಹೈಡ್ರೋಜನ್ ಕೊಡುವ ಗುರುತು ಹತ್ತು ಲಕ್ಷದಲ್ಲಿ 220 ಪಾಲು, ಸಾರಜನಕದ್ದು 18 ಪಾಲು.

ವೆಬ್ 2023ರ ಡಿಸೆಂಬರ್‌ನಲ್ಲಿ ನಿರಿಸ್ ಉಪಕರಣದಿಂದ ಎರಡು ಸಂಕ್ರಮ ನೋಡಿತು. ದೊಡ್ಡ ಗುರುತು ಕಾಣಲಿಲ್ಲ. ಹಾಗಾಗಿ ಹೈಡ್ರೋಜನ್ ಹೊದಿಕೆಯ ವಾದ ಬಿದ್ದಂತಾಯಿತು. ಸಾರಜನಕದ ಸುಳಿವು ಇದೆ, ಆದರೆ ಅದು 2.3 ಸಿಗ್ಮಾ ಮಟ್ಟದ್ದು (ಸಿಗ್ಮಾ ಹೆಚ್ಚಾದಷ್ಟೂ ಅದು ಬರೀ ಕಾಕತಾಳೀಯವಾಗಿರುವ ಸಂಭವ ಕಡಿಮೆ), ಸಾಕ್ಷಿ ಅನ್ನಲು ಸಾಲದು. ಮೇಲಾಗಿ ನಕ್ಷತ್ರವೇ ಅಡ್ಡಗಾಲು ಹಾಕಿತು. ಅದರ ಮೇಲ್ಮೈಯಲ್ಲಿ ಸುತ್ತಲಿಗಿಂತ ಪ್ರಖರವಾದ ತೇಪೆಗಳಿವೆ. ಗ್ರಹ ಅವನ್ನು ಬಿಟ್ಟು ಬೇರೆ ದಾರಿಯಲ್ಲಿ ಹಾದರೂ, ಬಣ್ಣದಿಂದ ಬಣ್ಣಕ್ಕೆ ಇಳಿತ ಬದಲಾದಂತೆ ಕಂಡು ಗಾಳಿಯ ವೇಷ ಹಾಕುತ್ತದೆ. ಮೊದಲು ಅದನ್ನು ಕಳೆದು ಆಮೇಲೆ ಉಳಿದದ್ದನ್ನು ನೋಡಬೇಕು.

ಬೇಗ ಬೇಗ ಮತ್ತೆ ನೋಡಿದರಾಯಿತಲ್ಲ ಎನ್ನಬಹುದು. ವೆಬ್ ತನ್ನ ಬಿಸಿಲುತಡೆಯ ಕಾರಣ ಸೂರ್ಯನಿಂದ 85ರಿಂದ 135 ಡಿಗ್ರಿ ನಡುವಿನ ಆಕಾಶವನ್ನಷ್ಟೇ ನೋಡಬಲ್ಲದು. 24.7 ದಿನಕ್ಕೊಮ್ಮೆ ಬರುವ ಎರಡು ಗಂಟೆಯ ಸಂಕ್ರಮ ಆ ಕಿಂಡಿಯೊಳಗೆ ಬೀಳುವುದು ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ.

ಕೆಂಪು ಕುಬ್ಜಗಳು ಜ್ವಾಲೆ ಉಗುಳಿ ಗ್ರಹದ ಗಾಳಿ ಕಿತ್ತುಹಾಕ್ತವಂತೆ, ಇದೂ ಹಾಗೇನಾ?

ಈಗ ಅಲ್ಲ. ತನ್ನ ಸುತ್ತ ತಾನು ತಿರುಗಲು ಸುಮಾರು 131 ದಿನ ತೆಗೆದುಕೊಳ್ಳುವ, 500 ಕೋಟಿ ವರ್ಷ ದಾಟಿದ, ಈ ಜಾತಿಯಲ್ಲಿ ಅಪರೂಪದ ಶಾಂತ ನಕ್ಷತ್ರ. ಚಿಂತೆ ಅದರ ಬಾಲ್ಯದ್ದು. ಇಷ್ಟು ಸಣ್ಣ ನಕ್ಷತ್ರ ಕುಗ್ಗಿ ಸ್ಥಿರವಾಗಲು ಕೆಲವು ನೂರು ದಶಲಕ್ಷ ವರ್ಷ ಬೇಕು, ಅಲ್ಲಿಯವರೆಗೆ ಇಂದಿಗಿಂತ ಬಹಳ ಹೆಚ್ಚು ಬೆಳಗುತ್ತದೆ. ಇಂದು ತಣ್ಣಗಿರುವ ಕಕ್ಷೆ ಅಂದು ಕಾದ ಹೆಂಚು. ಬಿ ಪರವಾಗಿ ಹೇಳಬಹುದಾದದ್ದು ಎರಡು: ಅದರ ಹಿಡಿತದಿಂದ ಪಾರಾಗಲು ಅನಿಲ ಸೆಕೆಂಡಿಗೆ 20 ಕಿಲೋಮೀಟರ್ ವೇಗದಲ್ಲಿ ಹಾರಬೇಕು (ಭೂಮಿಯಲ್ಲಿ 11.2), ಮತ್ತು ಆರಂಭದಲ್ಲಿ ನೀರು ಅಷ್ಟಿದ್ದರೆ ಒಂದಿಷ್ಟು ಹೋದರೂ ಬರಿದಾಗದು.

ಕೆ2-18 ಬಿಯಲ್ಲಿ ಜೀವದ ಸುಳಿವು ಸಿಕ್ತಲ್ಲ, ಇಲ್ಲೂ ಸಿಗಬಹುದಾ?

ಅಲ್ಲಿ ಸಿಕ್ಕಿದೆ ಎಂಬುದೇ ಇತ್ಯರ್ಥವಾಗಿಲ್ಲ. ಕೆ2-18 ಬಿ 2.6 ಪಟ್ಟು ತ್ರಿಜ್ಯದ, ಹೈಡ್ರೋಜನ್ ಹೊದ್ದ ಗ್ರಹ. ಗಾಳಿ ಉಬ್ಬಿರುವುದರಿಂದ ಗುರುತುಗಳು ದೊಡ್ಡವು. ಮೀಥೇನ್ ಗಟ್ಟಿಯಾಗಿ ಕಂಡಿದೆ. 2025ರಲ್ಲಿ ಹೇಳಿದ ಡೈಮೀಥೈಲ್ ಸಲ್ಫೈಡ್ (ಭೂಮಿಯಲ್ಲಿ ಹೆಚ್ಚಾಗಿ ಕಡಲಜೀವಿಗಳಿಂದ ಬರುವ ಅನಿಲ) ಮೂರು ಸಿಗ್ಮಾ ಮಟ್ಟದ್ದು, ಬೇರೆ ತಂಡಗಳು ಅದನ್ನು ಒಪ್ಪಿಲ್ಲ. ಎಲ್‌ಎಚ್‌ಎಸ್ 1140 ಬಿಯಲ್ಲಿ ಮೊದಲು ಇಂಗಾಲದ ಡೈಆಕ್ಸೈಡ್ ಇದೆಯೇ ಇಲ್ಲವೇ ಎಂಬುದು ತಿಳಿಯಬೇಕು. ಜೀವದ ಪ್ರಶ್ನೆ ಅದಾದ ಎಷ್ಟೋ ಮೆಟ್ಟಿಲಿನ ಮೇಲೆ.

## ನೀವೇ ನೋಡುವುದಾದರೆ

ಕರ್ನಾಟಕದಿಂದ ಈ ನಕ್ಷತ್ರ ಕಾಣುತ್ತಾ?

ಚೆನ್ನಾಗಿ. ಅದು ತಿಮಿಂಗಿಲ ಪುಂಜದಲ್ಲಿ ಮೈನಸ್ 15 ಡಿಗ್ರಿ ಅಪಕ್ರಮದಲ್ಲಿದೆ (ಆಕಾಶದ ಸಮಭಾಜಕಕ್ಕಿಂತ 15 ಡಿಗ್ರಿ ದಕ್ಷಿಣಕ್ಕೆ), ಬೆಂಗಳೂರಿನ ಆಕಾಶದಲ್ಲಿ 62 ಡಿಗ್ರಿ ಎತ್ತರಕ್ಕೆ ಏರುತ್ತದೆ. ಅಕ್ಟೋಬರ್ ಆರಂಭದಲ್ಲಿ ನಡುರಾತ್ರಿ, ಡಿಸೆಂಬರ್ ಆರಂಭದಲ್ಲಿ ರಾತ್ರಿ ಎಂಟರ ಸುಮಾರಿಗೆ ಅತಿ ಎತ್ತರದಲ್ಲಿರುತ್ತದೆ. ಉತ್ತರಾಭಾದ್ರೆಯ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ದಕ್ಷಿಣಕ್ಕೆ, ಆ ಅಂತರದ ಎರಡೂಕಾಲು ಪಟ್ಟು ಎಳೆದು ತುಸು ಪೂರ್ವಕ್ಕೆ ನೋಡಿದರೆ ಒಂಟಿಯಾಗಿ ಹೊಳೆಯುವ ಡಿಫ್ಡಾ ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ 2.7 ಡಿಗ್ರಿ, ತೋಳು ಚಾಚಿ ಹಿಡಿದ ಎರಡು ಬೆರಳಗಲಕ್ಕಿಂತ ಕಡಿಮೆ.

ಬರಿಗಣ್ಣಿಗಂತೂ ಕಾಣದು. ಕಾಂತಿಮಾನ 14.2 (ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು). ಕಣ್ಣಿಟ್ಟು ನೋಡಲು ಕತ್ತಲೆ ಊರಿನಲ್ಲಿ 12 ಇಂಚಿನ ದೂರದರ್ಶಕ ಬೇಕು, ಕ್ಯಾಮೆರಾಗೆ ಇನ್ನೂ ಸಣ್ಣದು ಸಾಕು. ಹಳೆಯ ನಕ್ಷೆ ನಂಬಬೇಡಿ. ವರ್ಷಕ್ಕೆ 0.67 ಆರ್ಕ್‌ಸೆಕೆಂಡ್ ಸರಿಯುವುದರಿಂದ 2000ನೇ ಇಸವಿಯ ಸ್ಥಾನಕ್ಕೂ 2025ರ ಸ್ಥಾನಕ್ಕೂ 17 ಆರ್ಕ್‌ಸೆಕೆಂಡ್ ವ್ಯತ್ಯಾಸ. ಪಕ್ಕದ ನಕ್ಷತ್ರವನ್ನು ರಾತ್ರಿಯಿಡೀ ಅಳೆದು ಕೂರುವ ತಪ್ಪು ಹೀಗೇ ಆಗುವುದು.

ನಮ್ಮ 12–16 ಇಂಚಿನ ದೂರದರ್ಶಕದಲ್ಲಿ ಸಂಕ್ರಮ ಹಿಡೀಬಹುದಾ? ಎಲ್ಲಿ ಕೆಡುತ್ತೆ?

ಹಿಡಿಯಬಹುದು. ಕಂಡುಹಿಡಿದದ್ದೇ 16 ಇಂಚಿನದರಲ್ಲಿ. ಇಳಿತ ಸುಮಾರು 6 ಮಿಲಿಮ್ಯಾಗ್ನಿಟ್ಯೂಡ್, ಅಂದರೆ ಒಂದು ಕಾಂತಿಮಾನದ ಸಾವಿರದಲ್ಲಿ 6 ಪಾಲು. ಐದು ನಿಮಿಷದ ಸರಾಸರಿಯಲ್ಲಿ 2 ಮಿಲಿಮ್ಯಾಗ್ನಿಟ್ಯೂಡ್ ನಿಖರತೆ ಬಂದರೆ ರೇಖೆ ಎದ್ದು ಕಾಣುತ್ತದೆ.

ಮೊದಲು ದಿನ ಆರಿಸಿ. ಅವಧಿ 24.737 ದಿನ ಆದ್ದರಿಂದ ಪ್ರತಿ ಸಂಕ್ರಮ ಹಿಂದಿನದಕ್ಕಿಂತ ಗಡಿಯಾರದಲ್ಲಿ ಆರೂಕಾಲು ಗಂಟೆ ಬೇಗ ಬರುತ್ತದೆ. ನಾಲ್ಕು ಸುತ್ತಿಗೆ, ಅಂದರೆ 99 ದಿನಕ್ಕೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಮರಳುತ್ತದೆ, ಒಂದೂಕಾಲು ಗಂಟೆ ಮೊದಲೇ. ಹಾಗಾಗಿ ಒಂದು ಊರಿಗೆ ಒಂದು ಋತುವಿನಲ್ಲಿ ಸಿಗುವುದು ಒಂದೋ ಎರಡೋ ಅವಕಾಶ. ನಾಸಾದ ಹೊರಗ್ರಹ ಭಂಡಾರದ ಸಂಕ್ರಮ ಲೆಕ್ಕದಲ್ಲಿ ನಿಮ್ಮ ಅಕ್ಷಾಂಶ, ರೇಖಾಂಶ ಕೊಟ್ಟರೆ ಸಮಯ ಸಿಗುತ್ತದೆ. ಎರಡು ಗಂಟೆಯ ಸಂಕ್ರಮಕ್ಕೆ ಹಿಂದೊಂದು, ಮುಂದೊಂದು ಗಂಟೆ ಸೇರಿಸಿ ನಾಲ್ಕು ಗಂಟೆ ಬಿಡದೆ ಚಿತ್ರ ತೆಗೆಯಿರಿ. ನಕ್ಷತ್ರ ನಮ್ಮಲ್ಲಿ 30 ಡಿಗ್ರಿಗಿಂತ ಮೇಲೆ ಏಳು ಗಂಟೆ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ.

ಫಿಲ್ಟರ್ ಕೆಂಪಿನಾಚೆಯದಿರಲಿ, ಐ ಪಟ್ಟಿಯದಾದರೆ ಒಳ್ಳೆಯದು. ಹಸಿರು ಅಥವಾ ನೀಲಿ ಫಿಲ್ಟರ್‌ನಲ್ಲಿ ಈ ನಕ್ಷತ್ರದ ಬೆಳಕೇ ಸಾಲದು. ಬಣ್ಣದ ಕ್ಯಾಮೆರಾ ಬೇಡ, ಕಪ್ಪು–ಬಿಳಿ ಕ್ಯಾಮೆರಾ ಬಳಸಿ. ಒಂದೊಂದು ಚಿತ್ರ 60ರಿಂದ 120 ಸೆಕೆಂಡ್, ಪಿಕ್ಸೆಲ್ ತುಂಬುವ ಮಿತಿಯ ಶೇ. 60 ದಾಟದಂತೆ.

ಕೆಡುವುದು ಹೆಚ್ಚಾಗಿ ಮೂರು ಕಡೆ. ಹೋಲಿಕೆಗೆ ತೆಗೆದುಕೊಂಡ ನಕ್ಷತ್ರಗಳು ನೀಲಿಯಾಗಿದ್ದರೆ, ನಕ್ಷತ್ರ ಕೆಳಗಿಳಿದಂತೆ ವಾತಾವರಣ ಅವನ್ನು ಹೆಚ್ಚು ಹೀರಿ ಇಡೀ ರೇಖೆ ವಾಲುತ್ತದೆ. ಸಾಧ್ಯವಾದಷ್ಟು ಕೆಂಪು ನಕ್ಷತ್ರಗಳನ್ನೇ ಹುಡುಕಿ, ಸಿಗದಿದ್ದರೆ ಐದಾರನ್ನು ಸೇರಿಸಿ. ಎರಡನೆಯದು ನಕ್ಷತ್ರ ಮಧ್ಯಾಹ್ನರೇಖೆ (ಆಕಾಶದ ಉತ್ತರ–ದಕ್ಷಿಣ ನಡುಗೆರೆ) ದಾಟುವಾಗ ಜರ್ಮನ್ ಮೌಂಟ್ (ದೂರದರ್ಶಕ ಹೊರುವ ಒಂದು ಬಗೆಯ ಆಧಾರ) ಮಗುಚಿಕೊಳ್ಳುವುದು. ಚಿತ್ರ ತಲೆಕೆಳಗಾಗಿ, ನಕ್ಷತ್ರ ಬೇರೆ ಪಿಕ್ಸೆಲ್‌ಗಳ ಮೇಲೆ ಕೂರುತ್ತದೆ. ಫ್ಲಾಟ್ ಚಿತ್ರಗಳಲ್ಲಿ (ಪಿಕ್ಸೆಲ್‌ಗಳ ಏರುಪೇರು ಸರಿಪಡಿಸಲು ಸಮನಾದ ಬೆಳಕಿನಲ್ಲಿ ತೆಗೆದವು) ಶೇ. 1 ತಪ್ಪಿದ್ದರೂ ಅದು ಸಂಕ್ರಮಕ್ಕಿಂತ ದೊಡ್ಡ ಹುಸಿ ಇಳಿತ. ಮಗುಚುವ ಹೊತ್ತು ಸಂಕ್ರಮದ ಒಳಗೆ ಬೀಳುವ ರಾತ್ರಿಯಾದರೆ ಕೈಬಿಡುವುದೇ ಮೇಲು. ಮೂರನೆಯದು ತೇವ. ಅಕ್ಟೋಬರ್–ನವೆಂಬರ್‌ನಲ್ಲಿ ಹಿಂಗಾರಿನ ತೆಳುಮೋಡ, ಕನ್ನಡಿ–ಮಸೂರದ ಮೇಲಿನ ಇಬ್ಬನಿ, ಗಾಳಿಯಲ್ಲಿ ಏರಿಳಿಯುವ ನೀರಾವಿ. ನೀರಾವಿ ಕೆಂಪಿನಾಚೆಯ ಬೆಳಕನ್ನೇ ಕದಿಯುವುದರಿಂದ ಅದು ಇಂಥ ನಕ್ಷತ್ರಕ್ಕೆ ಹೆಚ್ಚು ಬಾಧೆ. ಡ್ಯೂ ಹೀಟರ್ ಕಟ್ಟಿ, ಬಯಲಿನ ಇಬ್ಬನಿಗಿಂತ ಎತ್ತರದ ಒಣ ಜಾಗ ಆರಿಸಿ.

ಅಳತೆಗೆ ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಸಾಕು. ಕಂಪ್ಯೂಟರ್ ಗಡಿಯಾರವನ್ನು ಜಿಪಿಎಸ್‌ಗೆ ಹೊಂದಿಸಿ. ಸಮಯವನ್ನು ಸೌರಮಂಡಲದ ಗುರುತ್ವಕೇಂದ್ರದ ಲೆಕ್ಕಕ್ಕೆ ಬದಲಿಸದಿದ್ದರೆ ಭೂಮಿ ಕಕ್ಷೆಯಲ್ಲಿ ಎಲ್ಲಿದೆ ಎಂಬುದರ ಮೇಲೆ ಎಂಟು ನಿಮಿಷದವರೆಗೂ ತಪ್ಪು ನುಸುಳುತ್ತದೆ. ಕೊನೆಗೆ ಸಿಕ್ಕ ಇಳಿತದ ವರ್ಗಮೂಲ ತೆಗೆದು 0.2159ರಿಂದ ಗುಣಿಸಿ, 0.00917ರಿಂದ ಭಾಗಿಸಿ. ಬರುವುದು ಭೂಮಿಯ ಲೆಕ್ಕದಲ್ಲಿ ಗ್ರಹದ ತ್ರಿಜ್ಯ. 1.5ರಿಂದ 1.9ರ ನಡುವೆ ಬಂದರೆ ನಿಮ್ಮ ರಾತ್ರಿ ವ್ಯರ್ಥವಾಗಿಲ್ಲ. 2.5 ಬಂದರೆ ಮೊದಲು ಫ್ಲಾಟ್‌ಗಳನ್ನು ನೋಡಿ.